ಆರ್ಕಿಡ್ ಗಿಡದ ಬಾಣಂತನ

ಈ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕರು ಕೇಳಿದಾಗ, “ಸ್ವಾಮಿ, ನಾನು ಕಚೇರಿಯಲ್ಲಿ ಟಿಪ್ಪಣಿ ಬರೆಯುವವನೇ ಹೊರತು ಲೇಖನ ಬರೆಯುವವನಲ್ಲ” ಎಂದು ತಪ್ಪಿಸಿಕೊಳ್ಳಲು ನೋಡಿದೆ. ಅವರು ಬಿಡಲಿಲ್ಲ. “ನಿಮ್ಮ ಮನೆಯ ಆರ್ಕಿಡ್ ಗಿಡದ ಕತೆಯನ್ನೇ ಬರೆಯಿರಿ. ಆ ಗಿಡವನ್ನು ಕೊಂಡು ತಂದು ಸಾಯಿಸಿದವರು ನಮ್ಮ ಸಂಘದಲ್ಲಿ ಬೇಕಾದಷ್ಟು ಜನ ಇದ್ದಾರೆ, ಬದುಕಿಸಿದವರು ನೀವೊಬ್ಬರೇ” ಎಂದರು. ಹೊಗಳಿಕೆಗೆ ಸೋಲದ ಗುಮಾಸ್ತೆ ಇನ್ನೂ ಹುಟ್ಟಿಲ್ಲ, ಒಪ್ಪಿಕೊಂಡೆ. ಆದರೆ ಆ ಗಿಡ ಬದುಕಿದ್ದು ನನ್ನೊಬ್ಬನ ಕೈಗುಣದಿಂದಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ನ್ಯಾಯ.

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಬಿ.ಎ. ಪಾಸು ಮಾಡಿ, ಪರೀಕ್ಷೆ ಕಟ್ಟಿ, ಕೇಂದ್ರ ಸರಕಾರದ ಒಂದು ಕಚೇರಿಯಲ್ಲಿ ಗುಮಾಸ್ತೆಯಾಗಿ ನಾನು ದಿಲ್ಲಿಗೆ ಬಂದು ಹನ್ನೊಂದು ವರ್ಷವಾಯಿತು. ಈಗ ಆ ಹುದ್ದೆಗೆ ಸೆಕ್ರೆಟೇರಿಯೇಟ್ ಅಸಿಸ್ಟೆಂಟ್ ಎಂದು ಉದ್ದನೆಯ ಹೆಸರಿಟ್ಟಿದ್ದಾರೆ. ಕೆಲಸ ಮಾತ್ರ ಹಳೆಯದೇ. ರಾಮಕೃಷ್ಣಪುರದ ಸರಕಾರಿ ವಸತಿಯಲ್ಲಿ ಎರಡನೆಯ ಮಹಡಿಯ ಮನೆ, ಪೂರ್ವಕ್ಕೆ ಒಂದು ಬಾಲ್ಕನಿ, ಹೆಂಡತಿ, ಒಬ್ಬಳು ಮಗಳು. ಇಷ್ಟೇ ಸಂಸಾರ.

ತಂದೆಯವರು ತೀರಿಕೊಂಡ ವರ್ಷ, ಊರಿನಲ್ಲಿ ಅಣ್ಣನ ಮನೆಯಲ್ಲಿದ್ದ ಅಮ್ಮನನ್ನು ಹಟ ಹಿಡಿದು ದಿಲ್ಲಿಗೆ ಕರೆದುಕೊಂಡು ಬಂದೆ. ಬಂದದ್ದು ನವೆಂಬರಿನಲ್ಲಿ. ಹೊಗೆಯೂ ಮಂಜೂ ಸೇರಿ ಸೂರ್ಯನೇ ಕಾಣದ ಕಾಲ. ಅಮ್ಮನಿಗೆ ಚಳಿಯಾದೀತೆಂದು ಕಿಟಕಿಗಳನ್ನೆಲ್ಲ ಮುಚ್ಚಿದೆ, ಹೀಟರು ಹಚ್ಚಿದೆ, ಎರಡು ರಜಾಯಿ ಹೊದಿಸಿದೆ. ಗಂಟೆಗೊಮ್ಮೆ ಹಾಲು, ಹಾರ್ಲಿಕ್ಸು, ಹಣ್ಣು. ಕೆಲಸ ಮುಟ್ಟಲು ಬಿಡಲಿಲ್ಲ. “ನೀನು ಸುಮ್ಮನೆ ಕೂತಿರಮ್ಮ” ಎಂಬುದು ನಮ್ಮ ಮನೆಯ ಮಂತ್ರವಾಯಿತು. ಅಮ್ಮ ಸುಮ್ಮನೆ ಕೂತಳು. ಸಂಕ್ರಾಂತಿಯ ಹೊತ್ತಿಗೆ ಅರ್ಧ ಚಪಾತಿಗೆ ಇಳಿದಿದ್ದಳು. ವೈದ್ಯರು ಪರೀಕ್ಷೆ ಮಾಡಿ ಕಾಯಿಲೆ ಏನೂ ಇಲ್ಲವೆಂದರು. “ಊರಲ್ಲಿ ಅಡಿಕೆ ಕೊಯ್ಲು ಮುಗೀತೇನೋ” ಎಂಬ ಒಂದು ಮಾತನ್ನು ಬಿಟ್ಟರೆ ದಿನಕ್ಕೆ ನಾಲ್ಕು ಮಾತಾಡುತ್ತಿರಲಿಲ್ಲ. ರಾತ್ರಿ ನನಗೆ ನಿದ್ದೆ ಬರುತ್ತಿರಲಿಲ್ಲ.

ಹೀಗಿರಲು ಒಂದು ಫೆಬ್ರವರಿ ಸಂಜೆ ಕಚೇರಿಯಿಂದ ಬರುವ ದಾರಿಯಲ್ಲಿ, ರಸ್ತೆ ಬದಿಯ ಗಿಡದಂಗಡಿಯೊಂದರಲ್ಲಿ ಆರ್ಕಿಡ್ ಕಂಡಿತು. ಬಳುಕುವ ದಂಟಿನ ಮೇಲೆ ನೇರಿಳೆ ಬಣ್ಣದ ಐದು ಹೂವು, ನಾಲ್ಕು ಮೊಗ್ಗು. ಬುಡದಲ್ಲಿ ದಪ್ಪನೆಯ ಐದು ಎಲೆ. ಬೆಲೆ ಆರುನೂರ ಐವತ್ತು ರೂಪಾಯಿ. ತಿಂಗಳ ಕೊನೆ, ಜೇಬಿನಲ್ಲಿದ್ದದ್ದು ಎಂಟುನೂರು. ಅಮ್ಮ ಹುಡುಗಿಯಾಗಿದ್ದಾಗ ಮಳೆಗಾಲದ ಬಾಗಿಲಿನಲ್ಲಿ ಸೀತಾಳೆ ದಂಡೆ ಮುಡಿಯುತ್ತಿದ್ದ ಮಾತು ನೆನಪಾಗಿ, ಕೊಂಡೇಬಿಟ್ಟೆ. “ದಿನಾ ಒಂದು ಲೋಟ ನೀರು ಹಾಕಿ ಸಾಬ್, ಸಾಕು” ಎಂದ ಅಂಗಡಿಯವನು.

ಅಮ್ಮ ಗಿಡವನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಎಂಥದು ಮಗಾ ಇದು? ಸೀತಾಳೆ ಜಾತಿಯದಲ್ವಾ? ಇದನ್ನ ಕುಂಡದೊಳಗೆ ಯಾಕೆ ತುರುಕಿದ್ದಾರೆ ಮಾರಾಯ?” ಎಂದಳು. ಬೆಲೆ ಕೇಳಿ ಹೌಹಾರಿದಳು. ಆದರೆ ಅಂದು ರಾತ್ರಿ ಒಂದು ಚಪಾತಿ ಪೂರ್ತಿ ತಿಂದಳು.

ಹತ್ತು ದಿನ ಅಂಗಡಿಯವನ ಮಾತಿನಂತೆ ನೀರು ಹಾಕಿದೆವು. ಮೊದಲು ಮೊಗ್ಗುಗಳು ಹಳದಿಯಾಗಿ ಒಂದೊಂದೇ ಉದುರಿದವು. ಆಮೇಲೆ ಮೂರು ಹೂವು ಬಾಡಿದವು. ಆಮೇಲೆ ಎಲೆಗಳು ನೀರಿಲ್ಲದ ಗಿಡದಂತೆ ಸುಕ್ಕುಗಟ್ಟಿ ಜೋತುಬಿದ್ದವು. ನೀರು ಸಾಲದೇನೋ ಎಂದು ನಾನು ಎರಡು ಲೋಟ ಮಾಡಿದೆ. ಅಮ್ಮ ಮತ್ತೆ ಮಾತು ಕಡಿಮೆ ಮಾಡಿದಳು. “ತಂದವನು ನೀನು, ಸಾಯೋದನ್ನ ನೋಡೋಳು ನಾನು” ಎಂದು ಒಮ್ಮೆ ಅಂದದ್ದು ಮಾತ್ರ ಕಿವಿಯಲ್ಲಿ ಉಳಿಯಿತು. ಆರುನೂರ ಐವತ್ತು ರೂಪಾಯಿಯ ನಷ್ಟ ಅಲ್ಲಿಗೆ ಸಣ್ಣದಾಯಿತು.

ಮರದ ಮೇಲಿನ ಬಿಡಾರ

ಅಂದಿನಿಂದ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಆರ್ಕಿಡ್ ವಿಷಯವನ್ನು ಓದಲು ತೊಡಗಿದೆ. ಓದಿದ್ದರಲ್ಲಿ ವಾಚಕರಿಗೆ ರುಚಿಸುವಷ್ಟನ್ನು ಇಲ್ಲಿ ಹೇಳುತ್ತೇನೆ.

ಜಗತ್ತಿನಲ್ಲಿ ಸುಮಾರು 28,000 ಬಗೆಯ ಆರ್ಕಿಡ್‌ಗಳಿವೆ. ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಪಟ್ಟಿಯಂತೆ ನಮ್ಮ ದೇಶದಲ್ಲಿ 1,256 ಬಗೆಗಳುಂಟು. ಅಮ್ಮನ ಸೀತಾಳೆ ಇವುಗಳಲ್ಲಿ ಒಂದು. ಶಾಸ್ತ್ರಜ್ಞರು ಅದನ್ನು ರಿಂಕೋಸ್ಟೈಲಿಸ್ ರೆಟೂಸ ಎನ್ನುತ್ತಾರೆ. ನರಿಯ ಬಾಲದಂತೆ ಇಳಿಬಿದ್ದ ಹೂಗೊಂಚಲು. ಬಿಳಿಯ ಮೇಲೆ ತಿಳಿ ನೇರಿಳೆ ಚುಕ್ಕೆ. ವನವಾಸದಲ್ಲಿ ಸೀತಾದೇವಿ ಮುಡಿದಿದ್ದಳೆಂದು ಮಲೆನಾಡಿನವರು ಹೇಳುತ್ತಾರೆ. ಇದೇ ಹೂವು ಅಸ್ಸಾಮಿನಲ್ಲಿ ಕೊಪೌ ಎಂಬ ಹೆಸರಿನಿಂದ ಆ ರಾಜ್ಯದ ಹೂವಾಗಿದೆ. ಬಿಹು ಹಬ್ಬದಲ್ಲಿ ಅಲ್ಲಿನ ಹೆಣ್ಣುಮಕ್ಕಳು ಇದನ್ನು ಮುಡಿದು ಕುಣಿಯುತ್ತಾರೆ. ತೀರ್ಥಹಳ್ಳಿಯ ಹುಡುಗಿಯೂ ಅಸ್ಸಾಮಿನ ಹುಡುಗಿಯೂ ಒಂದೇ ಹೂವಿಗೆ ಮರ ಹತ್ತಿಸುತ್ತಾರೆಂದು ತಿಳಿದು ನನಗೆ ಬಹಳ ಸಂತೋಷವಾಯಿತು.

ನಾನು ತಂದದ್ದು ಸೀತಾಳೆಯಲ್ಲ, ಅದರ ದೂರದ ನಂಟು. ಹೆಸರು ಫೆಲನಾಪ್ಸಿಸ್. ಹೂವು ರೆಕ್ಕೆ ಬಿಚ್ಚಿದ ಪತಂಗದಂತಿರುವುದರಿಂದ ಬ್ಲೂಮ್ ಎಂಬ ಸಸ್ಯಶಾಸ್ತ್ರಜ್ಞ 1825ರಲ್ಲಿ ಗ್ರೀಕ್ ಭಾಷೆಯಿಂದ ಈ ಹೆಸರನ್ನು ಕಟ್ಟಿದ. ಇದರ ತವರು ಜಾವಾ, ಫಿಲಿಪೀನ್ಸ್ ಮೊದಲಾದ ಮಳೆಕಾಡುಗಳು. ಈಗ ಅಂಗಡಿಗೆ ಬರುವ ಗಿಡಗಳು ಕಾಡಿನವಲ್ಲ; ಪ್ರಯೋಗಶಾಲೆಯ ಬುಡ್ಡಿಯಲ್ಲಿ ಹುಟ್ಟಿ ಹಸಿರುಮನೆಯಲ್ಲಿ ಬೆಳೆದವು.

ಬುಡ್ಡಿಯಲ್ಲಿ ಏಕೆ ಎಂದರೆ ಅದೊಂದು ಸ್ವಾರಸ್ಯದ ಕತೆ. ಆರ್ಕಿಡ್ಡಿನ ಒಂದು ಕಾಯಿಯಲ್ಲಿ ಲಕ್ಷಗಟ್ಟಲೆ ಬೀಜ. ಒಂದೊಂದೂ ಧೂಳಿನ ಕಣದಷ್ಟು. ನಮ್ಮ ಭತ್ತ, ತೊಗರಿಗಳ ಹಾಗೆ ತಾಯಿ ಕಟ್ಟಿಕೊಟ್ಟ ಬುತ್ತಿ ಆ ಬೀಜದೊಳಗಿಲ್ಲ. ಯಾವುದೋ ಒಂದು ಸೂಕ್ಷ್ಮ ಶಿಲೀಂಧ್ರ ಬಂದು ಉಣಿಸಿದರೇ ಅದು ಮೊಳೆಯುವುದು. ಇದನ್ನು 1899ರಲ್ಲಿ ಫ್ರಾನ್ಸಿನ ನೊಯೆಲ್ ಬೆರ್ನಾರ್ ಕಂಡುಹಿಡಿದ. 1922ರಲ್ಲಿ ಅಮೆರಿಕದ ಲೂಯಿಸ್ ನುಡ್ಸನ್, ಶಿಲೀಂಧ್ರವಿಲ್ಲದೆಯೂ ಸಕ್ಕರೆ ಬೆರೆಸಿದ ಪಾಕದ ಮೇಲೆ ಬೀಜ ಮೊಳೆಯಿಸಬಹುದೆಂದು ತೋರಿಸಿಕೊಟ್ಟ. ರಾಜಮಹಾರಾಜರ ಸೊತ್ತಾಗಿದ್ದ ಹೂವು ಗುಮಾಸ್ತೆಯ ಬಾಲ್ಕನಿಗೆ ಬಂದದ್ದು ಇಂಥ ಸಂಶೋಧನೆಗಳಿಂದ.

ಈ ಗಿಡಗಳ ಭ್ರೂಣಶಾಸ್ತ್ರದಲ್ಲಿ ಜಗತ್ತೇ ಮೆಚ್ಚುವ ಕೆಲಸ ಮಾಡಿದವರಲ್ಲಿ ನಮ್ಮ ಬಿ.ಜಿ.ಎಲ್. ಸ್ವಾಮಿಯವರೂ ಒಬ್ಬರು. ಡಿ.ವಿ.ಜಿ.ಯವರ ಮಗ, ಆರ್ಕಿಡ್ ಕುಲದ ಭ್ರೂಣ ಬೆಳವಣಿಗೆಯ ಮೇಲೆ ಅವರು ಬರೆದ ಪ್ರಬಂಧಗಳು 1949ರಲ್ಲಿ ಅಮೆರಿಕದ ಪತ್ರಿಕೆಯಲ್ಲಿ ಅಚ್ಚಾದವು. ‘ಹಸಿರು ಹೊನ್ನು’ ಓದಿ ನಕ್ಕವರೆಲ್ಲರಿಗೂ ಈ ಸಂಗತಿ ತಿಳಿದಿರಲಿಕ್ಕಿಲ್ಲವೆಂದು ಬರೆದೆ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿಯೇ ತಿದ್ದಬೇಕು. ಮರದ ಮೇಲೆ ಬೆಳೆಯುತ್ತದೆಂದು ಅನೇಕರು ಆರ್ಕಿಡ್ಡನ್ನು ಬಂದಳಿಕೆಯ ಜೊತೆಗೆ ಸೇರಿಸುತ್ತಾರೆ. ಬಂದಳಿಕೆ ಮರದ ರಸವನ್ನು ಹೀರುವ ಕಳ್ಳ ಗಿಡ. ಸೀತಾಳೆಯೂ ಫೆಲನಾಪ್ಸಿಸೂ ಹಾಗಲ್ಲ. ಅವು ಮರದ ಮೇಲೆ ಬರಿದೇ ಬಿಡಾರ ಹೂಡುತ್ತವೆ. ಮಳೆಯ ನೀರು, ತೊಗಟೆಯ ಸಂದಿನಲ್ಲಿ ಕೂತ ಕಸಕಡ್ಡಿಯ ಸಾರ, ಗಾಳಿ, ಬೆಳಕು, ಇಷ್ಟರಲ್ಲಿಯೇ ಜೀವನ. ಮನೆಯೊಡೆಯನಿಗೆ ಒಂದು ತೊಟ್ಟಿನಷ್ಟೂ ತೊಂದರೆ ಕೊಡದ ಬಾಡಿಗೆದಾರರು.

ಕುಂಡದೊಳಗೆ ಕಂಡದ್ದು

ಒಂದು ಭಾನುವಾರ ಬೆಳಿಗ್ಗೆ ಅಮ್ಮನೇ ಮಾತು ತೆಗೆದಳು. “ನಮ್ಮ ಹಲಸಿನ ಮರದ ಸೀತಾಳೆಗೆ ಯಾರು ಲೋಟದಲ್ಲಿ ನೀರು ಹಾಕ್ತಾರೋ? ಮಳೆ ಬರ್ತದೆ, ನೆನೀತದೆ. ಗಾಳಿ ಬರ್ತದೆ, ಒಣಗ್ತದೆ. ಇದರ ಬೇರು ಒಮ್ಮೆಯಾದರೂ ಒಣಗಿದ್ದನ್ನ ನೀನು ನೋಡಿದ್ದೀಯಾ? ಬಿಚ್ಚು ಅದನ್ನ.”

ಹಳೆಯ ಪತ್ರಿಕೆ ಹಾಸಿ ಬಿಚ್ಚಿದೆವು. ಹೊರಗೆ ಕಾಣುವ ಚಂದದ ಪಿಂಗಾಣಿ ಕುಂಡಕ್ಕೆ ತಳದಲ್ಲಿ ತೂತೇ ಇರಲಿಲ್ಲ. ಅದರೊಳಗೆ ಒಂದು ತೆಳು ಪ್ಲಾಸ್ಟಿಕ್ ಕುಂಡ. ಅದರ ತುಂಬ ಸ್ಫ್ಯಾಗ್ನಂ ಎಂಬ ಜೌಗು ನೆಲದ ಹಾವಸೆಯನ್ನು ಒತ್ತಿ ಒತ್ತಿ ತುಂಬಿದ್ದರು. ಈ ಹಾವಸೆ ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ದೂರದ ಪ್ರಯಾಣದಲ್ಲಿ ಗಿಡ ಒಣಗದಿರಲು ಅದು ಒಳ್ಳೆಯದೇ. ಆದರೆ ಮನೆಗೆ ಬಂದ ಮೇಲೆ ದಿನವೂ ನೀರು ಹಾಕಿದರೆ ಬೇರುಗಳು ಹಗಲಿರುಳು ನೆನೆದ ಗೋಣಿಯಲ್ಲಿ ಮಲಗಿದಂತೆ. ಬಿಚ್ಚಿದ ಕೂಡಲೇ ಕೊಳೆತ ವಾಸನೆ ಮೂಗಿಗೆ ಬಡಿಯಿತು.

“ಇದು ಕೊಳೆ ಕಣೋ!” ಎಂದಳು ಅಮ್ಮ. ಆ ಧ್ವನಿಯಲ್ಲಿ ಗಾಬರಿಗಿಂತ ಹೆಚ್ಚಾಗಿ, ಹಳೆಯ ಶತ್ರುವನ್ನು ಪರದೇಶದಲ್ಲಿ ಗುರುತು ಹಿಡಿದವರ ಉತ್ಸಾಹವಿತ್ತು.

ಅಡಿಕೆ ಬೆಳೆಗಾರರ ಮನೆಯವರಿಗೆ ಕೊಳೆರೋಗವನ್ನು ಪರಿಚಯಿಸಬೇಕಾಗಿಲ್ಲ. ಮೈಸೂರು ಸರಕಾರದ ಸೇವೆಯಲ್ಲಿದ್ದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ 1910ರಲ್ಲಿಯೇ ಅದರ ಮೇಲೆ ವರದಿ ಬರೆದು, ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣದ ಬಳಕೆಗೆ ದಾರಿ ಮಾಡಿದರು. ಅದಕ್ಕೆ ಮುಂಚೆ ಗೊನೆಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಯುತ್ತಿದ್ದರು. ಆ ರೋಗವನ್ನು ತರುವ ಫೈಟಾಫ್ತೊರ ಎಂಬ ಸೂಕ್ಷ್ಮಜೀವಿಯ ಬಳಗದವೇ ಆರ್ಕಿಡ್ಡನ್ನೂ ಕೊಳೆಸಬಲ್ಲವು. ಅಮ್ಮ ಆಗಲೇ ಮೈಲುತುತ್ತ ತರಲು ಹೇಳಿದಳು. ಆದರೆ ತಾಮ್ರದ ಔಷಧ ಕೆಲವು ಜಾತಿಯ ಆರ್ಕಿಡ್‌ಗಳಿಗೆ ವಿಷವಾಗುತ್ತದೆಂದು ನಾನು ಓದಿದ್ದೆ. ಹಾಗೆಂದಾಗ, “ಹೌದಾ? ಹಾಗಾದರೆ ಬೇಡ” ಎಂದು ಒಪ್ಪಿದಳು. ಹುಟ್ಟಿದಾಗಿನಿಂದ ನನ್ನ ಮಾತನ್ನು ಅಮ್ಮ ಅಷ್ಟು ಬೇಗ ಒಪ್ಪಿದ್ದು ಅದೇ ಮೊದಲು.

ಹಾವಸೆಯನ್ನು ಉಗುರುಬೆಚ್ಚನೆಯ ನೀರಿನಲ್ಲಿ ಸಡಿಲಿಸಿ ಎಳೆ ಎಳೆಯಾಗಿ ತೆಗೆದೆವು. ಬೇರುಗಳು ಹನ್ನೊಂದು. ಇನ್ನು ಅವುಗಳ ಪರೀಕ್ಷೆ. ಆರ್ಕಿಡ್ ಬೇರಿನ ಮೇಲೆ ವೆಲಾಮೆನ್ ಎಂಬ ದಪ್ಪ ಹೊದಿಕೆಯಿದೆ. ಸತ್ತ ಕಣಗಳಿಂದಾದ ಒತ್ತುಕಾಗದವೆಂದರೆ ಸರಿ. ನೀರು ಬಿದ್ದರೆ ಕ್ಷಣದಲ್ಲಿ ಹೀರಿಕೊಂಡು ಒಳಗಿನ ಜೀವಂತ ಎಳೆಗೆ ಕೊಡುತ್ತದೆ. ಒಣಗಿದಾಗ ಬೇರು ಬೆಳ್ಳಿಯ ಬಣ್ಣ, ನೆನೆದಾಗ ಹಸಿರು. ಬೆರಳಿನಿಂದ ಒತ್ತಿದರೆ ಬದುಕಿರುವ ಬೇರು ಗಟ್ಟಿಯಾಗಿರುತ್ತದೆ. ಸತ್ತದ್ದು ಪಿಚಕ್ಕೆಂದು ಕಂದು ನೀರು ಬಿಟ್ಟು, ಎಳೆದರೆ ಹೊದಿಕೆ ಕಳಚಿ ಒಳಗಿನ ನಾರು ಮಾತ್ರ ಕೈಯಲ್ಲಿ ಉಳಿಯುತ್ತದೆ. ಬಣ್ಣ ನೋಡಿ ತೀರ್ಪು ಕೊಡಬಾರದು. ಹಾವಸೆಯ ಕಲೆಯಿಂದ ಒಳ್ಳೆಯ ಬೇರೂ ಕಂದಾಗಿ ಕಾಣಬಹುದು. ಹನ್ನೊಂದರಲ್ಲಿ ಗಟ್ಟಿಯಾಗಿದ್ದವು ಮೂರು.

ಎಲೆ ಸುಕ್ಕುಗಟ್ಟಿದ್ದರ ಗುಟ್ಟೂ ಆಗ ತಿಳಿಯಿತು. ಬೇರು ಕೊಳೆತರೆ ನೀರನ್ನು ಕುಡಿಯುವ ಬಾಯಿಯೇ ಇಲ್ಲ. ಸುತ್ತ ನೀರಿದ್ದೂ ಗಿಡ ಬಾಯಾರಿ ಸಾಯುತ್ತದೆ. ಅದನ್ನು ಕಂಡು ನಾವು ಇನ್ನಷ್ಟು ನೀರು ಸುರಿಯುತ್ತೇವೆ. ಮೊಗ್ಗು ಉದುರಿದ್ದಕ್ಕೆ ಜಾಗ ಬದಲಾದದ್ದಲ್ಲದೆ ಮತ್ತೊಂದು ಕಾರಣವೂ ಇದ್ದೀತು: ಗಿಡವನ್ನು ನಾವು ಊಟದ ಮೇಜಿನ ಮೇಲೆ ಬಾಳೆಹಣ್ಣಿನ ತಟ್ಟೆಯ ಪಕ್ಕದಲ್ಲಿ ಇಟ್ಟಿದ್ದೆವು. ಮಾಗುವ ಹಣ್ಣಿನಿಂದ ಹೊರಡುವ ಎಥಿಲೀನ್ ಎಂಬ ಅನಿಲ ಆರ್ಕಿಡ್ ಮೊಗ್ಗಿಗೆ ಆಗದು.

ಶಸ್ತ್ರಚಿಕಿತ್ಸೆ

ಕತ್ತರಿಯನ್ನು ಒಲೆಯ ಉರಿಯಲ್ಲಿ ಕಾಯಿಸಿ ಆರಿಸಿ, ಸತ್ತ ಎಂಟು ಬೇರುಗಳನ್ನು ಗಟ್ಟಿ ಭಾಗ ಸಿಗುವವರೆಗೆ ಕತ್ತರಿಸಿದೆ. ಕತ್ತರಿಸಿದ ತುದಿಗೆ ಅಡಿಗೆಮನೆಯ ದಾಲ್ಚಿನ್ನಿ ಪುಡಿ ಸವರಿದೆವು. ಅದು ಗಾಯವನ್ನು ಒಣಗಿಸುತ್ತದೆ, ಬೂಷ್ಟನ್ನೂ ತಡೆಯುತ್ತದೆ. ಒಳ್ಳೆಯ ಬೇರಿನ ಮೇಲೆ ಬಿದ್ದರೆ ಅದನ್ನೂ ಒಣಗಿಸಿಬಿಡುವುದರಿಂದ ಜೋಪಾನವಾಗಿ ಹಚ್ಚಬೇಕು.

ಇನ್ನುಳಿದದ್ದು ಹೂವಿನ ದಂಟು. ಮೂರು ಬೇರಿನ ಗಿಡ ಹೂವನ್ನು ಸಾಕಲಾರದು, ದಂಟನ್ನು ಕತ್ತರಿಸಬೇಕೆಂಬುದು ಎಲ್ಲರ ಸಲಹೆ. ಆದರೆ ದಂಟಿನ ಮೇಲೆ ಇನ್ನೂ ಎರಡು ಹೂವು ನಗುತ್ತಿದ್ದವು. “ಬೇಡಪ್ಪಾ” ಎಂದು ಮಗಳು ಅಳುವುದಕ್ಕೇ ಶುರುಮಾಡಿದಳು. “ಅವೇ ಹೋಗೋ ತನಕ ಬಿಡಿ ಅಂದ್ರೆ, ಅಷ್ಟೊಂದು ದುಡ್ಡು ಕೊಟ್ಟಿದೀರಿ” ಎಂದಳು ನನ್ನ ಹೆಂಡತಿ. ನನ್ನ ಕೈಯೂ ಏಳಲಿಲ್ಲ. ಅಮ್ಮ ಕತ್ತರಿ ತೆಗೆದುಕೊಂಡು, ಮಾತಿಲ್ಲದೆ, ಬುಡದಿಂದ ಎರಡು ಬೆರಳು ಮೇಲೆ ಕಚಕ್ಕೆಂದು ಕತ್ತರಿಸಿದಳು. ಒಂದು ಹೂವನ್ನು ತಂದೆಯವರ ಪಟದ ಮುಂದಿಟ್ಟಳು. ಇನ್ನೊಂದನ್ನು ಮೊಮ್ಮಗಳ ಜಡೆಗೆ ಸಿಕ್ಕಿಸಿ, “ಅಳಬಾರದು. ನಾನೂ ನಿನ್ನಷ್ಟಿದ್ದಾಗ ಮುಡೀತಿದ್ದೆ” ಎಂದಳು. ದಿಲ್ಲಿಗೆ ಬಂದ ಮೇಲೆ ಆ ಮಗುವಿನ ಜಡೆಯನ್ನು ಅಮ್ಮ ಮುಟ್ಟಿದ್ದು ಅಂದೇ. ನಾವೇ ಬಿಟ್ಟಿರಲಿಲ್ಲ.

ಒಂದು ದಿನ ಬೇರುಗಳನ್ನು ನೆರಳಿನಲ್ಲಿ ಆರಲು ಬಿಟ್ಟು, ಮರುದಿನ ಕುಂಡಕ್ಕೆ ಹಾಕಿದೆವು. ಪೈನ್ ಮರದ ತೊಗಟೆಯ ಚೂರು ಎರಡು ಪಾಲು, ಇದ್ದಿಲು ಒಂದು ಪಾಲು, ಹೆಬ್ಬೆರಳಿನಷ್ಟು ದಪ್ಪದ ಇಟ್ಟಿಗೆ ಚೂರು ತಳಕ್ಕೆ. ಮಣ್ಣು ಒಂದು ಚಿಟಿಕೆಯೂ ಇಲ್ಲ. ತೊಗಟೆ ಸಿಗದಿದ್ದರೆ ತೆಂಗಿನಕಾಯಿ ಸಿಪ್ಪೆಯ ತುಂಡುಗಳೂ ಆಗುತ್ತವೆ. ಆದರೆ ಅವುಗಳಲ್ಲಿರುವ ಉಪ್ಪು ಹೋಗುವಂತೆ ಎರಡು ಮೂರು ದಿನ ನೀರು ಬದಲಾಯಿಸುತ್ತ ನೆನೆಸಬೇಕು. ಕುಂಡ ದೊಡ್ಡದಾದಷ್ಟೂ ಒಳ್ಳೆಯದೆಂದು ನಾನೆಣಿಸಿದ್ದು ತಪ್ಪು. ಬೇರು ಹಿಡಿಸುವಷ್ಟೇ ಸಾಕು. ಹೆಚ್ಚಾದ ಜಾಗದಲ್ಲಿ ತೇವ ನಿಲ್ಲುತ್ತದೆ. ಬೆಳಕು ಹಾಯುವ ಪ್ಲಾಸ್ಟಿಕ್ ಕುಂಡವಾದರೆ ಬೇರಿನ ಬಣ್ಣ ಹೊರಗಿನಿಂದಲೇ ಕಾಣುತ್ತದೆ. ಕಾದ ಸಲಾಕೆಯಿಂದ ಸುತ್ತಲೂ ತೂತು ಮಾಡಿದೆ. ಅಲುಗಾಡುವ ಗಿಡ ಹೊಸ ಬೇರು ಬಿಡುವುದಿಲ್ಲವಾದ್ದರಿಂದ ಒಂದು ಕಡ್ಡಿಗೆ ಕಟ್ಟಿದೆವು.

ನಾಲ್ಕು ದಿನ ನೀರು ಹಾಕಲಿಲ್ಲ. ಬೇರು ಕಡಿಮೆಯಾದ ಗಿಡದ ಎಲೆಯಿಂದ ತೇವ ಹಾರಿಹೋಗದಿರಲು ಸುತ್ತ ಗಾಳಿ ತಂಪಾಗಿರಬೇಕು. ಅದಕ್ಕಾಗಿ ಕುಂಡಕ್ಕೆ ಸಡಿಲವಾಗಿ ಒಂದು ತೆಳು ಪ್ಲಾಸ್ಟಿಕ್ ಚೀಲವನ್ನು ಕವಿಸಿ, ಗಾಳಿಯಾಡಲು ಕಿಂಡಿ ಬಿಟ್ಟು, ಪರದೆಯ ಹಿಂದೆ ಬಿಸಿಲು ನೇರ ಬೀಳದ ಕಡೆ ಇಟ್ಟೆವು. “ಗೊನೆಗೆ ಕೊಟ್ಟೆ ಕಟ್ಟಿದ ಹಾಗಾಯ್ತು” ಎಂದಳು ಅಮ್ಮ. ಹೆಂಡತಿ ಮಾತ್ರ ಅದನ್ನು ಬಾಣಂತಿ ಕೋಣೆ ಎಂದು ಕರೆದಳು. ಆ ಹೆಸರೇ ನಿಂತಿತು.

ಬಿಸಿಮನೆಯ ಪಾಠ

ಇದೇ ದಿನಗಳಲ್ಲಿ ಓದಿದ ಒಂದು ಸಂಗತಿ ನನ್ನನ್ನು ಬಹಳ ಕಾಡಿತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಶ್ರೀಮಂತರಿಗೆ ಆರ್ಕಿಡ್ ಹುಚ್ಚು ಹಿಡಿದಿತ್ತು. ಡೆವನ್‌ಷೈರಿನ ಡ್ಯೂಕ್ 1835ರಲ್ಲಿ ಜಾನ್ ಗಿಬ್ಸನ್ ಎಂಬ ತೋಟಗಾರನನ್ನು ನಮ್ಮ ದೇಶಕ್ಕೆ ಕಳಿಸಿದ. ಅವನು ಖಾಸಿ ಗುಡ್ಡಗಳಲ್ಲಿ ಅಲೆದು 1837ರಲ್ಲಿ ಹೇರಳ ಆರ್ಕಿಡ್‌ಗಳೊಂದಿಗೆ ಹಿಂದಿರುಗಿದ. ಉಷ್ಣ ದೇಶದ ಗಿಡವೆಂದ ಮೇಲೆ ಕುದಿಯುವ ಸೆಕೆ ಬೇಕೆಂದು ಆ ಕಾಲದ ತೋಟಗಾರರು ನಂಬಿದ್ದರು. ಗಾಜಿನ ಮನೆಗಳ ಕಿಂಡಿ ಮುಚ್ಚಿ, ಒಲೆಯುರಿಸಿ, ಆವಿ ತುಂಬಿ ಸಾಕುತ್ತಿದ್ದರು. ಗಿಡಗಳು ಸಾವಿರಗಟ್ಟಲೆ ಸತ್ತವು. ಇವುಗಳಲ್ಲಿ ಎಷ್ಟೋ ಗಿಡಗಳು ತಂಪು ಗುಡ್ಡದ ಗಾಳಿಯಲ್ಲಿ ಬೆಳೆದವೆಂದು ಅವರಿಗೆ ತೋಚಿರಲಿಲ್ಲ. ಆ ಡ್ಯೂಕನ ತೋಟದ ಮುಖ್ಯಸ್ಥ ಜೋಸೆಫ್ ಪ್ಯಾಕ್ಸ್‌ಟನ್ ಮೊದಲಾದವರು ಸೆಕೆ ತಗ್ಗಿಸಿ, ಗಾಳಿ ಬಿಟ್ಟ ಮೇಲೆ ಗಿಡಗಳು ಚೇತರಿಸಿಕೊಂಡವು.

ಇದನ್ನು ಓದಿ ಮನೆಗೆ ಬಂದು ನೋಡಿದೆ. ಅಮ್ಮ ಮುಚ್ಚಿದ ಕಿಟಕಿಯ ಹಿಂದೆ ಎರಡು ಸ್ವೆಟರು ಹಾಕಿಕೊಂಡು ಕೂತಿದ್ದಳು. ಮಾರ್ಚ್ ತಿಂಗಳು; ಹೊರಗೆ ಹದವಾದ ಬಿಸಿಲು. ನಾನು ಏನೂ ಹೇಳಲಿಲ್ಲ, ಕಿಟಕಿ ತೆರೆದೆ. ಮರುದಿನದಿಂದ ಅಡಿಗೆಮನೆಯಲ್ಲಿ ಅಮ್ಮನಿಗೆ ಅಡ್ಡಿ ಮಾಡಬಾರದೆಂದು ಗಂಡ ಹೆಂಡಿರು ಮಾತಾಡಿಕೊಂಡೆವು. ಆ ವಾರವೇ ತಂಬುಳಿ ಆಯಿತು, ಕಡುಬು ಆಯಿತು. ಪಕ್ಕದ ಮನೆಯ ಪಂಜಾಬಿ ಅಜ್ಜಿ ಗಿಡ ನೋಡುವ ನೆಪದಲ್ಲಿ ಬಂದು ಕೂರತೊಡಗಿದರು. ಇವಳಿಗೆ ಹಿಂದಿ ಬಾರದು, ಅವರಿಗೆ ಕನ್ನಡ ಬಾರದು. ಮಾತು ಗಂಟೆಗಟ್ಟಲೆ ನಡೆಯುತ್ತಿತ್ತು.

ಮೇ ಬಂತು, 44 ಡಿಗ್ರಿ ಬಂತು, ಲೂ ಬೀಸಿತು. ಫೆಲನಾಪ್ಸಿಸಿಗೆ ಹಿತವಾದದ್ದು 18ರಿಂದ 30 ಡಿಗ್ರಿ. ಕೂಲರಿನ ಕೋಣೆಯಲ್ಲಿ, ಗಾಳಿ ನೇರ ಬಡಿಯದ ಮೂಲೆಯಲ್ಲಿ, ನೀರು ತುಂಬಿದ ತಟ್ಟೆಯಲ್ಲಿ ಬೆಣಚುಕಲ್ಲು ಹರಡಿ ಅದರ ಮೇಲೆ ಕುಂಡವನ್ನಿಟ್ಟೆವು. ಈ ಗಿಡದ ಇನ್ನೊಂದು ಜಾಣತನ ಕೇಳಿ: ಬೇರೆ ಗಿಡಗಳು ಹಗಲು ಎಲೆಯ ರಂಧ್ರಗಳನ್ನು ತೆರೆದರೆ ಇದು ರಾತ್ರಿಯ ತಂಪಿನಲ್ಲಿ ತೆರೆದು, ಬೇಕಾದ ಇಂಗಾಲಾಮ್ಲವನ್ನು ಒಳಗೆ ಸೇರಿಸಿಕೊಂಡು, ಹಗಲು ಬಾಗಿಲು ಹಾಕಿಕೊಂಡು ಅಡಿಗೆ ಮಾಡುತ್ತದೆ. ಜೂನ್ ತಿಂಗಳಲ್ಲಿ ದಿಲ್ಲಿಯ ಸಂಸಾರಗಳು ಕಿಟಕಿಯ ವಿಷಯದಲ್ಲಿ ಮಾಡುವುದೂ ಇದನ್ನೇ ಅಲ್ಲವೇ?

ನೀರಿನ ಬಗ್ಗೆ ಒಂದು ಮಾತು. ರಾಜಧಾನಿಯ ಸುತ್ತಮುತ್ತ ಎಷ್ಟೋ ಕಡೆ ಕೊಳವೆಬಾವಿಯ ನೀರು ಗಡಸು. ಅದರ ಉಪ್ಪು ಬೇರಿನ ಮೇಲೆ ಬೆಳ್ಳಗೆ ಕೂತು ಸುಡುತ್ತದೆ. ಮಳೆನೀರು ಉತ್ತಮ, ಇಲ್ಲವಾದರೆ ಕುಡಿಯಲು ಶುದ್ಧಿಮಾಡಿದ ನೀರು. ಜುಲೈ ತಿಂಗಳ ಮೊದಲ ಮಳೆಗೆ ಅಮ್ಮ ಮನೆಯಲ್ಲಿದ್ದ ಪಾತ್ರೆಗಳನ್ನೆಲ್ಲ ಬಾಲ್ಕನಿಯಲ್ಲಿ ಸಾಲಾಗಿಟ್ಟಳು. ಆ ತಿಂಗಳ ಕೊನೆಯಲ್ಲಿ ಒಂದು ಬೆಳಿಗ್ಗೆ, “ಮಗಾ, ಬೇಗ ಬಾ” ಎಂದು ಕೂಗಿದಳು. ಏನಾಯಿತೋ ಎಂದು ಮುಖಕ್ಷೌರದ ಸಾಬೂನಿನಲ್ಲಿಯೇ ಓಡಿಬಂದೆ. ಕೆಳಗಿನ ಎಲೆಯ ಬುಡದಿಂದ ಹಸಿರು ತುದಿಯ ಒಂದು ಬೇರು, ಅಕ್ಕಿಕಾಳಿನಷ್ಟು, ಹೊರಗೆ ಬಂದಿತ್ತು.

ಆ ರಾತ್ರಿ ಊಟವಾದ ಮೇಲೆ ಅಮ್ಮ ಮೆಲ್ಲಗೆ, “ಇನ್ನು ನಾನು ಊರಿಗೆ ಹೋಗಿ ಬರಲೇನೋ? ಚೌತಿ ಹತ್ತಿರ ಬಂತು” ಎಂದಳು. ಆರು ತಿಂಗಳ ಹಿಂದಾಗಿದ್ದರೆ ನಾನು ಬೇಡವೆಂದು ನೂರು ಕಾರಣ ಹೇಳುತ್ತಿದ್ದೆ. ಅಂದು ಹೇಳಲಿಲ್ಲ. ಕರ್ನಾಟಕ ಎಕ್ಸ್‌ಪ್ರೆಸ್ಸಿಗೆ ಟಿಕೆಟು ನಾನೇ ತೆಗೆಸಿದೆ. ಬೆಂಗಳೂರಿನವರೆಗೆ ಜೊತೆಯಲ್ಲಿ ಹೋಗಿ ತೀರ್ಥಹಳ್ಳಿಯ ಬಸ್ಸು ಹತ್ತಿಸಿದೆ. ಬಸ್ಸು ಹೊರಟ ಮೇಲೆ ಸ್ವಲ್ಪ ಹೊತ್ತು ನಿಲ್ದಾಣದಲ್ಲಿಯೇ ಕೂತಿದ್ದೆ. ಕಿಟಕಿಯಿಂದ ಅವಳು ಕೂಗಿ ಹೇಳಿದ ಕೊನೆಯ ಮಾತು, “ನೀರು ಜಾಸ್ತಿ ಹಾಕಬೇಡ!”

ಎರಡು ಚಳಿಗಾಲ

ಆಮೇಲಿನದು ತಾಳ್ಮೆಯ ಕತೆ. ವಾರಕ್ಕೊಮ್ಮೆ, ಸೆಕೆಯಲ್ಲಿ ಎರಡು ಬಾರಿ, ಬೇರು ಬೆಳ್ಳಿಯ ಬಣ್ಣಕ್ಕೆ ತಿರುಗಿದಾಗ ಮಾತ್ರ, ಬೆಳಗಿನ ಹೊತ್ತು, ಕುಂಡವನ್ನು ಹತ್ತು ನಿಮಿಷ ನೀರಿನಲ್ಲಿಟ್ಟು ಪೂರ್ತಿ ಬಸಿಯುತ್ತೇನೆ. ಎಲೆಗಳ ನಡುವಿನ ಕುಡಿಯಲ್ಲಿ ನೀರು ನಿಂತರೆ ಬಟ್ಟೆಯಿಂದ ಒತ್ತಿ ತೆಗೆಯುತ್ತೇನೆ. ಈ ಗಿಡಕ್ಕೆ ಬೆಳೆಯುವ ಕುಡಿ ಸಾಮಾನ್ಯವಾಗಿ ಒಂದೇ. ಅದು ಕೊಳೆತರೆ ಗಿಡ ಹೋದಂತೆಯೇ. ಗೊಬ್ಬರವನ್ನು ಹೊಸ ಬೇರು ಬಂದ ಮೇಲೆ, ಡಬ್ಬಿಯ ಮೇಲೆ ಹೇಳಿದ್ದರ ಕಾಲು ಭಾಗದಷ್ಟು, ತಿಂಗಳಿಗೆ ಎರಡು ಸಲ. ಜನವರಿಯ ರಾತ್ರಿಗಳಲ್ಲಿ ಹೊರಗೆ 4–5 ಡಿಗ್ರಿಗೆ ಇಳಿಯುವುದರಿಂದ ಕೋಣೆಯೊಳಗೆ, ತಣ್ಣನೆಯ ಗಾಜಿಗೆ ಎಲೆ ತಾಗದಂತೆ ಇಡಬೇಕು.

ಮೊದಲ ಚಳಿಗಾಲದಲ್ಲಿ ಹೂವು ಬರಲಿಲ್ಲ. ಕೆಳಗಿನ ಒಂದು ಎಲೆ ಹಳದಿಯಾಗಿ ಬಿತ್ತು; ಅಂಗೈಯಗಲದ ಹೊಸ ಎಲೆಯೊಂದು ಬಂತು. ಪ್ರತಿ ಭಾನುವಾರ ಅಮ್ಮನ ಫೋನು: “ಬೇರು ಎಷ್ಟಾಯ್ತು?” ನಾನು ವರದಿ ಒಪ್ಪಿಸಬೇಕು. ನಾಲ್ಕು, ಐದು, ಏಳು. ಅವಳ ಕಡೆಯಿಂದ ಅಡಿಕೆಯ ವರದಿ. ಈಗ ಊಟ ಚೆನ್ನಾಗಿ ಸೇರುತ್ತದೆಂದು ಅಣ್ಣ ಹೇಳುತ್ತಾನೆ.

ರಾತ್ರಿಯ ಉಷ್ಣತೆ 16–18 ಡಿಗ್ರಿಗೆ ಇಳಿದು, ಹಗಲೂ 25ನ್ನು ಮೀರದೆ ಕೆಲವು ವಾರ ಕಳೆದರೆ ಫೆಲನಾಪ್ಸಿಸ್ ಹೂದಂಟು ಬಿಡುತ್ತದೆ. ದಿಲ್ಲಿಯ ದೀಪಾವಳಿಯ ನಂತರದ ದಿನಗಳು ಮನೆಯೊಳಗೆ ಅದಕ್ಕೆ ಹೇಳಿ ಮಾಡಿಸಿದ ಹಾಗಿರುತ್ತವೆ. ಈ ಡಿಸೆಂಬರಿನಲ್ಲಿ ಎಲೆಯ ಸಂದಿನಿಂದ ಮತ್ತೊಂದು ತುದಿ ಹೊರಟಿತು. ಬೇರೆಂದೇ ತಿಳಿದೆ. ಆದರೆ ಬೇರಿನ ತುದಿ ಗುಂಡಗೆ ನುಣುಪಾಗಿರುತ್ತದೆ. ಹೂದಂಟಿನ ತುದಿ ಮಗುವಿನ ಕೈಗವುಸಿನಂತೆ ಒಂದು ಕಡೆ ಚಪ್ಪಟೆ. ಭೂತಗನ್ನಡಿ ಹಿಡಿದು ಮಗಳೇ ತೀರ್ಪು ಕೊಟ್ಟಳು: “ಅಪ್ಪಾ, ಇದು ಹೂವು.”

ಇದನ್ನು ಬರೆಯುವ ಹೊತ್ತಿಗೆ ದಂಟು ಒಂದು ಗೇಣು ದಾಟಿದೆ. ಏಳು ಮೊಗ್ಗು ಎಣಿಸಿದ್ದೇವೆ. ಫೋಟೋ ಕಳಿಸಿದೆ. ಅಮ್ಮನಿಗೆ ಹೂವಿನ ಮಾತು ಅಷ್ಟಾಗಿ ಬೇಕಿರಲಿಲ್ಲ. “ಬೇರು ತೋರಿಸು” ಎಂದಳು. ಕುಂಡವನ್ನು ತಿರುಗಿಸಿ ತೋರಿಸಿದೆ. ತುಸು ಹೊತ್ತು ನೋಡಿ, “ಮೇ ತಿಂಗಳಲ್ಲಿ ಎಲ್ಲರೂ ಬನ್ನಿ, ಮಗೂನ ಕರ್ಕೊಂಡು. ಹಲಸಿನ ಮರದ್ದು ಆಗ ಹೂವಾಗ್ತದೆ” ಎಂದಳು. ರಜೆಗೆ ಅರ್ಜಿ ಹಾಕಿದ್ದೇನೆ.

ಕೊನೆಗೆ ವಾಚಕರಲ್ಲಿ ಒಂದು ವಿಜ್ಞಾಪನೆ. ಆರ್ಕಿಡ್ ಕೊಳ್ಳುವಾಗ ಹೂವಿಗೆ ಮರುಳಾಗದೆ ಕುಂಡವನ್ನು ಎತ್ತಿ ಬೇರು ನೋಡಿ. ಮನೆಗೆ ತಂದ ಮೇಲೆ ಹೊರಗಿನ ಚಂದದ ಕುಂಡಕ್ಕೆ ತೂತಿದೆಯೇ ನೋಡಿ. ಊರಿಗೆ ಹೋದಾಗ ಕಾಡಿನ ಸೀತಾಳೆಯನ್ನು ಮಾತ್ರ ಕಿತ್ತು ತರಬೇಡಿ. ಅದು ಅಲ್ಲಿ ಅಪರೂಪವಾಗುತ್ತಿದೆ, ಇಲ್ಲಿ ಬದುಕುವುದೂ ಕಷ್ಟ. ಈಗಾಗಲೇ ನಿಮ್ಮ ಮನೆಯಲ್ಲಿ ಎಲೆ ಸುಕ್ಕುಗಟ್ಟಿದ ಗಿಡವಿದ್ದರೆ ಎಸೆಯಬೇಡಿ. ಒಂದು ಗಟ್ಟಿ ಬೇರು ಉಳಿದಿದ್ದರೂ ಸಾಕು. ಯುಗಾದಿಯ ದಿನ ಸಂಘಕ್ಕೆ ತನ್ನಿ. ಕತ್ತರಿಯನ್ನೂ ದಾಲ್ಚಿನ್ನಿ ಪುಡಿಯನ್ನೂ ನಾನು ತರುತ್ತೇನೆ.